ಚಮನಸಾಬ ಸಾರಿಸಿದ ನೆಲ

ಚಮನಸಾಬನನ್ನು ಮಣ್ಣು ಮಾಡಿ ಬಂದ ಸಂಜೆ ಹಾಲೇಶಪ್ಪ ಮಾಸ್ತರು ಟೀವಿ ಮುಂದೆ ಕುಳಿತರು. ವಾರ್ತೆ ಮುಗಿದು ಹವಾಮಾನದ ಚಿತ್ರ ಬಂತು, ಕರಿ ನೆಲದ ಮೇಲೆ ಬಿಳಿ ಮೋಡ. ಏಳು ವರ್ಷ ಈ ಚಿತ್ರ ಬಂದಾಗಲೆಲ್ಲ ಅವರು ಹೆಂಡತಿಗೆ, "ನಮ್ಮ ಚಮನ್ಯಾ ಬಂದ ನೋಡು" ಎನ್ನುತ್ತಿದ್ದರು. ಅಂದು ಎದ್ದು ಹೋಗಿ ಟೀವಿ ಆರಿಸಿದರು.

ಚಮನಸಾಬ ಅಗಡಿ ಊರಿನವನು, ಮಾಸ್ತರ ಬಾಲ್ಯದ ಗೆಳೆಯ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೂಗುತ್ತಿದ್ದ. ತೊಂಬತ್ತರ ಚಳಿಗಾಲದಲ್ಲಿ ಹವಾಮಾನದ ಉಪಗ್ರಹದ ಕೆಲಸಕ್ಕೆಂದು ಬಂದ ತಂಡವೊಂದು ಬ್ಯಾಡಗಿ ರಸ್ತೆಯಲ್ಲಿ ವಿಶಾಲವಾದ ಎರೆಹೊಲ ಹಿಡಿದು, ಅವನನ್ನು ದಿನಗೂಲಿಗೆ ಇಟ್ಟುಕೊಂಡಿತು. ದಿನಾ ನಡುಹಗಲಿಗೆ ನೆಲದಿಂದ ಎಷ್ಟು ಬೆಳಕು ಮರಳುತ್ತದೆಂದು ಪೆಟ್ಟಿಗೆಯೊಂದರಲ್ಲಿ ಅಳೆದು ಅಂಕಿ ಬರೆಯಬೇಕು. ಅದೇ ಗಳಿಗೆಗೆ ಮೇಲಿನ ಕ್ಯಾಮೆರಾ ಅದೇ ಬಯಲನ್ನು ನೋಡುತ್ತದೆ. ವರ್ಷ ಕಳೆದಂತೆ ಅದರ ಕಣ್ಣು ಮಂಕಾಗುತ್ತದೆ, ಅಷ್ಟು ಮೇಲೇರಿ ಅದನ್ನು ಒರೆಸಿ ಬರುವವರಿಲ್ಲ. ಕೆಳಗಿನ ಅಂಕಿಗೆ ಹೋಲಿಸಿಯೇ ಅದು ಎಷ್ಟು ಮಂಕಾಗಿದೆಯೆಂದು ತಿಳಿಯಬೇಕು.

ತಂಡದ ಸಾಹೇಬರು ಇದನ್ನು ಬಿಡಿಸಿ ಹೇಳಿದಾಗ ಚಮನಸಾಬ, "ತಿಳೀತ್ರಿ. ಬೆಳಿಗ್ಗೆ ತಕ್ಕಡಿಗೆ ತೂಕ ಗೊತ್ತಿದ್ದ ಕಲ್ಲು ಇಟ್ಟು ನೋಡಿದಂಗ" ಎಂದನಂತೆ. ನೆಟ್ಟಗೆ ನಡೆದರೆ ಬರುವ ವರ್ಷ ಕಾಯಂ ಮಾಡುತ್ತೇವೆಂದು ಸಾಹೇಬರು ಮಾತು ಕೊಟ್ಟರು. ಪೇಟೆಯ ಘಾಟಿಗೆ ಆಗಲೇ ಅವನ ಎದೆ ಕಟ್ಟುತ್ತಿತ್ತು. ಚೀಲಗಳ ನಡುವೆ ಮತ್ತೆ ಹೋಗುವುದು ಅವನಿಗೆ ಬೇಕಿರಲಿಲ್ಲ.

ಮರುವರ್ಷ ಮಾಘದಲ್ಲಿ ಹಿರಿಯ ಅಧಿಕಾರಿಗಳು ತಪಾಸಣೆಗೆ ಬರುವರೆಂದು ಸುದ್ದಿ ಬಂತು. ಅಳೆಯುವ ಜಾಗ ಹೊಟ್ಟು, ಧೂಳು ಹಿಡಿದಿತ್ತು. ಚಮನಸಾಬನೂ ಹೆಂಡತಿ ಹುಸೇನಬಿಯೂ ಅಲ್ಲಿ ನಾಲ್ಕು ಗಜದ ಚೌಕ ಗುಡಿಸಿ, ಮೆಣಸಿನಕಾಯಿ ಕಣ ಮಾಡುವಂತೆ ಸಗಣಿ ಹಾಕಿ ಸಾರಿಸಿದರು. ಅಧಿಕಾರಿಗಳು ಬರಲಿಲ್ಲ. ಹತ್ತು ದಿನದ ಮೇಲೆ ಇಂಗ್ಲಿಷಿನ ಕಾಗದ ಬಂತು.

ಶನಿವಾರ ಚಮನಸಾಬ ಅದನ್ನು ಹಿಡಿದು ಮಾಸ್ತರನ್ನು ಹೊಲಕ್ಕೆ ಕರೆದೊಯ್ದ. ಮಾಸ್ತರು ಓದಿ ಹೇಳಿದರು: ಉಪಗ್ರಹದ ಕಣ್ಣು ಇದ್ದಕ್ಕಿದ್ದಂತೆ ಮಂಕಾದಂತಿದೆ, ಸೋಮವಾರದಿಂದ ಎಲ್ಲ ಚಿತ್ರಗಳನ್ನು ಅದಕ್ಕೆ ತಕ್ಕಂತೆ ತಿದ್ದುತ್ತೇವೆ.

ಚಮನಸಾಬ ಕಾಲಡಿಯ ನೆಲ ನೋಡಿದ. ಒಣಗಿದ ಸಗಣಿ ಎರೆಮಣ್ಣಿಗಿಂತ ತಿಳಿಬಣ್ಣದ್ದು, ಪೆಟ್ಟಿಗೆಗೆ ಹೆಚ್ಚು ಬೆಳಕು ಮರಳಿಸುತ್ತಿತ್ತು; ಇಡೀ ಬಯಲು ನೋಡುವ ಮೇಲಿನ ಕಣ್ಣಿಗೆ ಆ ಚೌಕ ಲೆಕ್ಕಕ್ಕಿರಲಿಲ್ಲ. ಪೆಟ್ಟಿಗೆಯನ್ನು ಹತ್ತು ಹೆಜ್ಜೆ ಆಚೆ, ಸಾರಿಸದ ಮಣ್ಣಿಗೆ ಒಯ್ದು ಅಳೆದ. ಅಂಕಿ ಇಳಿದು ಹಳೆಯ ಜಾಗಕ್ಕೆ ನಿಂತಿತು.

"ಅದರ ಕಣ್ಣಿಗೇನೂ ಆಗಿಲ್ಲ ಹಾಲೇಶ. ನನ್ನ ಕಲ್ಲ ಹುಸಿ."

ಮಾಸ್ತರು ಸುತ್ತ ನೋಡಿದರು. "ಒಂದು ಕೊಡ ನೀರು ಹೊಯ್ದು ಕೆದರಿಬಿಡು. ನಾಳಿಂದ ಖರೇ ಅಂಕಿ ಬರಿ. ಕಾಯಂ ಆಗೋ ಹೊತ್ತಿನಾಗ ಬಾಯಿ ಬಿಡಬ್ಯಾಡ. ಮ್ಯಾಲಿಂದ ಯಾರು ಬಂದು ನೋಡ್ತಾರ?"

"ಮ್ಯಾಲಿಂದನ ನೋಡಾಕತ್ತೈತಲ್ಲೋ, ಮಾಸ್ತರ ಆಗೀದಿ, ಅಷ್ಟೂ ತಿಳೀದಿಲ್ಲೇನು?" ಚಮನಸಾಬ ನಕ್ಕ. ಆಮೇಲೆ ನಗಲಿಲ್ಲ. "ನನ್ನ ಹತ್ತು ಅಂಕಿ ನಂಬಿ ಇದ್ದ ಮೋಡಾನೆಲ್ಲ ತಿದ್ತಾರ. ತಪ್ಪು ಕಲ್ಲಿಟ್ಟು ತೂಗಿದವ ಪೇಟ್ಯಾಗ ತಲಿ ಎತ್ತಿ ತಿರುಗಾಕ ಆಗ್ತೈತೇನು? ನಡಿ, ಲಗೂ ರಾಣೆಬೆನ್ನೂರಿಗೆ ಹೋಗಿ ಟ್ರಂಕ್ ಕಾಲ್ ಮಾಡೋಣು."

ಬಸ್ಸಿನುದ್ದಕ್ಕೂ ಮಾಸ್ತರು ಬೈದರು. ಚಮನಸಾಬ ಶೇಂಗಾ ಸುಲಿದು ಅವರ ಕೈಗೆ ಹಾಕುತ್ತ ಹೋದ.

ರೈಲು ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಒಂದು ತಾಸು ಕಾದ ಮೇಲೆ ಲೈನು ಸಿಕ್ಕಿತು. "ಸಾಹೇಬ್ರ, ನೆಲಾ ನಾನ ಸಾರಿಸೇನ್ರಿ. ಹತ್ತು ದಿನದ ಅಂಕಿ ಬಿಟ್ಟುಬಿಡ್ರಿ." ಆಚೆಯವರು ಬಹಳ ಹೊತ್ತು ಏನೋ ಹೇಳಿದರು. ಇವನು "ಹೂಂರಿ, ಹೂಂರಿ" ಎನ್ನುತ್ತ ನಿಂತ. ಫೋನು ಕೆಳಗಿಟ್ಟು ತಿರುಗಿದಾಗ ಕಣ್ಣು ಒದ್ದೆಯಾಗಿತ್ತು. "ಮೊದಲ ಬೈದ್ರು. ಆಮ್ಯಾಲ, ಚಿತ್ರ ತಿದ್ದೂದು ನಿಲ್ಲಸ್ತೇವಿ, ಆ ಚೌಕ ಬಿಟ್ಟು ಆಚೆ ಅಳಿ ಅಂದ್ರು."

ಕಾಯಂ ಆಗಲಿಲ್ಲ. ಆ ವರ್ಷವೂ ಇಲ್ಲ, ಮುಂದೆಯೂ ಇಲ್ಲ. ಆದರೆ ಪೇಟೆಗೆ ವಾಪಸು ಕಳಿಸಲೂ ಇಲ್ಲ. ಬೇರೆ ಹೊಲಗಳ ಅಂಕಿಯನ್ನು ಇಬ್ಬರಿಂದ ಅಳೆಸುತ್ತಿದ್ದ ಸಾಹೇಬರು ಈ ಹೊಲಕ್ಕೆ ಇವನೊಬ್ಬನ ಅಂಕಿಯನ್ನೇ ನಂಬಿದರು. ಏಳು ವರ್ಷ ಅವನು ಬಯಲಿನ ಶುದ್ಧ ಗಾಳಿ ಉಂಡ. ಅಷ್ಟಾದರೂ ಸಿಕ್ಕಿತಲ್ಲ ಎಂದು ಹುಸೇನಬಿ ಇಂದಿಗೂ ದೇವರಿಗೆ ಕೈಯೆತ್ತುತ್ತಾಳೆ.

ಆವತ್ತು ತಮ್ಮ ಮಾತು ನಡೆದಿದ್ದರೆ ಈ ಚಿತ್ರದ ಕಡೆ ಮುಖವೆತ್ತಿ ನೋಡಲಾಗುತ್ತಿರಲಿಲ್ಲ ಎಂದು ಹಾಲೇಶಪ್ಪನವರಿಗೆ ಗೊತ್ತು. ಗೆಳೆಯ ತಮ್ಮ ಮಾತು ಕೇಳದೆ, ಕೈಗೆ ಶೇಂಗಾ ಹಾಕಿ, ಜೊತೆಗೆ ಕರೆದೊಯ್ದ. ಅದಕ್ಕಾಗಿ ಮಾಸ್ತರು ಅವನಿಗೆ ಎಂದೂ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ.

ಮಾರನೆಯ ಸಂಜೆ ಮೋಡದ ಚಿತ್ರ ಬಂದಾಗ ಮಾಸ್ತರು ಕನ್ನಡಕ ಒರೆಸಿ ಹಾಕಿಕೊಂಡರು.

"ಬಂದ ನೋಡು," ಎಂದರು.

"ಹೂಂರಿ," ಎಂದಳು ಹೆಂಡತಿ.