ಒಂಬತ್ತನೇ ಹೆಸರು

ಹೊಳಲ್ಕೆರೆ ಠಾಣೆಯ ಬೆಂಚಿನ ಮೇಲೆ ಕುಂತ ಟೈಲರ್ ಚೌರಪ್ಪನಿಗೆ ಸಬ್‌ಇನ್ಸ್‌ಪೆಕ್ಟರ್ ಕೇಳುತ್ತಿದ್ದ ಪ್ರಶ್ನೆಗಿಂತ ದೊಡ್ಡದೊಂದು ಪ್ರಶ್ನೆ ಒಳಗೇ ಕೊರೆಯುತ್ತಿತ್ತು: ಈ ಹೆಸರನ್ನು ಹೊರಗೆ ಬಿಟ್ಟವರು ಯಾರು?

ಮೇಜಿನ ಮೇಲೆ ಪ್ರೆಸ್ಸಿನಲ್ಲಿದ್ದ ಸ್ಮರಣ ಸಂಚಿಕೆಯ ಕರಡು ಹಾಳೆಯೊಂದು ಬಿದ್ದಿತ್ತು. ತಲೆಯಲ್ಲಿ ದಪ್ಪಕ್ಷರ: 'ಅರವತ್ತು ವರ್ಷಗಳಲ್ಲಿ ನಮ್ಮ ಸಂಘದ ನೆರವು ಪಡೆದ ಕುಟುಂಬಗಳು.' ಕೆಳಗೆ ಸಾಲು ಸಾಲು ಹೆಸರು. ಒಂಬತ್ತನೆಯದು: ಏಕಾಂತಮ್ಮ, ಬಿ.ದುರ್ಗದವರು, ಹಾಲಿ ವಾಸ ಹಳೇಪೇಟೆ.

ಹಾಳೆ ತಂದು ಹಾಕಿದವನು ಏಕಾಂತಮ್ಮನ ಮೈದುನನ ಮಗ ಓಬಳೇಶ್. ಗೃಹಪ್ರವೇಶದ ಕಾರ್ಡು ಮಾಡಿಸಲು ಪ್ರೆಸ್ಸಿಗೆ ಹೋದವನ ಕಣ್ಣಿಗೆ ಬಿತ್ತಂತೆ. ಅಲ್ಲಿಂದ ನೆಟ್ಟಗೆ ಠಾಣೆಗೆ ಬಂದು ದೂರು ಕೊಟ್ಟಿದ್ದ. ಚರ್ಚಿನ ಚೌರಪ್ಪ ಹನ್ನೊಂದು ವರ್ಷದಿಂದ ಶನಿವಾರ ಶನಿವಾರ ನಮ್ಮ ದೊಡ್ಡಮ್ಮನ ಮನೆಗೆ ಹೋಗುತ್ತಾನೆ, ಆಸೆ ತೋರಿಸಿ ಮುದುಕಿಯನ್ನು ಮತಾಂತರ ಮಾಡುತ್ತಿದ್ದಾನೆ, ವಿಚಾರಿಸಬೇಕು.

"ಏನಪ್ಪ, ನೆರವು ಅಂದ್ರೆ ಏನು? ಪ್ರಾರ್ಥನೆನಾ?" ಸಬ್‌ಇನ್ಸ್‌ಪೆಕ್ಟರ್ ಕೇಳಿದರು.

"ಅಂಥದ್ದೇನಿಲ್ಲ ಸಾರ್. ನಾನು ಟೈಲರು. ರವಿಕೆ ಅಳತೆಗೆ ಹೋಗ್ತಿದ್ದೆ."

"ಎಂಬತ್ತರ ಮುದುಕಿಗೆ ಹನ್ನೊಂದು ವರ್ಷ ರವಿಕೆ ಹೊಲಿದ್ಯಾ?"

ಓಬಳೇಶ್ ಪಕ್ಕಕ್ಕೆ ತಿರುಗಿ ನಕ್ಕ. "ಅಷ್ಟು ರವಿಕೆ ನನ್ನ ಹೆಂಡ್ತಿ ಬೀರುವಿನಾಗೂ ಇಲ್ಲ ಸಾರ್."

ಚೌರಪ್ಪ ಹೇಳಿದ್ದು ಸುಳ್ಳು. ಅದೂ ಹನ್ನೊಂದು ವರ್ಷ ಚೀಲದಲ್ಲಿ ಹೊತ್ತ ಸುಳ್ಳು. ಚೀಲದ ಬಾಯಿಗೆ ಬಟ್ಟೆಯ ತುಂಡುಗಳು, ಅಳತೆ ಟೇಪು. ಕೆಳಗೆ ಅಕ್ಕಿ, ತೊಗರಿಬೇಳೆ, ಬಿಪಿ ಮಾತ್ರೆ.

ಸಂತ ಅಂತೋಣಿ ಬಂಧು ಸಂಘ ಅಂತ ಈ ಊರಲ್ಲಿ ಒಂದಿದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಾಗಬಾರದು ಅಂತಲೇ ಅದನ್ನು ಕಟ್ಟಿದ್ದು. ಅರವತ್ತು ವರ್ಷದ ಹಿಂದೆ ಹೊಸದುರ್ಗದ ಕಡೆಯ ಗಣಿಗೆ ಕೂಲಿಗೆ ಬಂದವನೊಬ್ಬ ಸತ್ತಾಗ, ಹೆಗಲು ಕೊಡಲು ಅವನ ಕಡೆಯವರು ಒಬ್ಬರೂ ಇರಲಿಲ್ಲ. ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ಬಂದ ನಾಲ್ವರು ಅವನ ಶವದ ಪೆಟ್ಟಿಗೆ ಹೊತ್ತರು. ಆ ನಾಲ್ವರಲ್ಲಿ ಚೌರಪ್ಪನ ಅಪ್ಪ ಇನ್ನಾಸಪ್ಪ ಒಬ್ಬ. ಮಣ್ಣು ಮಾಡಿ ಬಂದು, ಕೈಕಾಲು ತೊಳೆದುಕೊಂಡು, ಸಂಘ ಕಟ್ಟಿದರು. ಕಟ್ಟಳೆ ಎರಡೇ. ಕಷ್ಟದವರ ಮನೆಗೆ ಇಬ್ಬಿಬ್ಬರೇ ಹೋಗಬೇಕು. ಯಾರ ಮನೆಗೆ ಹೋದೆವು ಅಂತ ಹೆಸರು ಬರೆಯಬಾರದು. ಸಭೆಯ ಪುಸ್ತಕದಲ್ಲಿ ಇವತ್ತಿಗೂ 'ಬೇವಿನಮರದ ಮನೆ', 'ಬಾವಿ ಮನೆ' ಅಂತಷ್ಟೇ ಇದೆ. ಏಕಾಂತಮ್ಮನದು 'ನೀಲಿ ಬಾಗಿಲ ಮನೆ'.

"ಉಂಡ ಅನ್ನ ಯಾರದು ಅಂತ ಊರಿಗೆ ಗೊತ್ತಾದ್ರೆ ಆ ಅನ್ನ ಮೈಗೆ ಹತ್ತಲ್ಲ ಕಣಲೇ" ಅನ್ನುತ್ತಿದ್ದ ಇನ್ನಾಸಪ್ಪ. ನಾಲ್ಕನೇ ಕ್ಲಾಸು ಓದಿದ ಗಾರೆ ಕೆಲಸದವನಿಗೆ ತಿಳಿದಿದ್ದ ಈ ಮಾತು, ಒಂದು ಕಂಬಳಿ ಕೊಡಲು ನಾಲ್ಕು ಜನ ಹಿಡಿದುಕೊಂಡು ಕ್ಯಾಮೆರಾ ಕಡೆ ಹಲ್ಲು ಬಿಡುವ ನಮ್ಮ ದಾನಶೂರರಿಗೆ ಯಾವಾಗ ತಿಳಿಯುತ್ತದೋ.

ಏಕಾಂತಮ್ಮ ಕೈಯೆತ್ತಿ ಕೊಟ್ಟ ಮನೆತನದವಳು. ಬಿ.ದುರ್ಗದಲ್ಲಿ ಅವಳ ಕಣದಿಂದ ಬರಿಗೈಲಿ ಹೋದವರಿಲ್ಲ ಅಂತ ಈಗಲೂ ಹೇಳುತ್ತಾರೆ. ಗಂಡ ಹೋದ, ಮಕ್ಕಳಿರಲಿಲ್ಲ, ಪಾಲು ಮಾಡುವಾಗ ಮೈದುನಂದಿರು ಅವಳನ್ನು ಮರೆತರು. ಪೇಟೆಯ ಒಂದು ಕೋಣೆಗೆ ಬಂದು ಸೇರಿದಳು. ಮೊದಲ ದಿನವೇ ಅವಳು ಷರತ್ತು ಹಾಕಿದ್ದಳು: "ನೋಡಪ್ಪ, ಊರಿಗೆ ತಿಳಿದ ದಿನ ನಾನು ಈ ಅಕ್ಕಿ ಮುಟ್ಟಲ್ಲ. ಉಪವಾಸ ನಂಗೇನು ಹೊಸದಲ್ಲ."

ಆ ಮಾತು ಕೇಳಿಸಿಕೊಂಡ ಕಿವಿಗಳು ನಾಲ್ಕೇ. ಎರಡು ಚೌರಪ್ಪನವು. ಇನ್ನೆರಡು, ಆಗ ಅವನ ಜೊತೆಗಾರನಾಗಿದ್ದ, ಈಗ ಸಂಘದ ಅಧ್ಯಕ್ಷನಾಗಿರುವ ಸಿಮೆಂಟ್ ಅಂಗಡಿಯ ಜ್ಞಾನಪ್ರಕಾಶನವು.

ಚೌರಪ್ಪ ಕರಡು ಹಾಳೆಯನ್ನು ಮತ್ತೆ ನೋಡಿದ. ಹೋದ ತಿಂಗಳು ಜ್ಞಾನಪ್ರಕಾಶ ಹೇಳಿದ್ದ ಮಾತು ನೆನಪಾಯಿತು: "ಅಣ್ಣಾ, ಅರವತ್ತು ವರ್ಷದ ಚರಿತ್ರೆ ಅಂದ್ರೆ ಸುಮ್ನೆ ಅಲ್ಲ. ಬೇವಿನಮರ, ಬಾವಿ ಅಂತ ಬರೆದ್ರೆ ಜನ ನಗ್ತಾರೆ. ಪುರಾವೆ ಬೇಕು."

ಅಷ್ಟರಲ್ಲಿ ಅವನೇ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ಚೌರಪ್ಪನ ಕಡೆ ನೋಡಲಿಲ್ಲ.

"ಸಾರ್, ನಮ್ಮ ಸಂಘ ಸೇವೆ ಮಾಡುತ್ತೆ, ಮತಾಂತರ ಅಲ್ಲ. ನಮ್ಮಲ್ಲಿ ಒಬ್ಬೊಬ್ಬರೇ ಮನೆಗಳಿಗೆ ಹೋಗೋ ಪದ್ಧತೀನೇ ಇಲ್ಲ. ಇವರು ಹೋಗಿದ್ರೆ ಅದು ಅವರ ಸ್ವಂತ ವ್ಯವಹಾರ. ಆ ಹೆಸರು ಕೊಟ್ಟಿದ್ದೂ ಇವರೇ."

ಚೌರಪ್ಪನಿಗೆ ಸಿಟ್ಟು ಬರುವ ಮೊದಲು ಆಶ್ಚರ್ಯವಾಯಿತು. ಜೊತೆಗೆ ಬರುವುದನ್ನು ಬಿಟ್ಟವನು ಇವನು. ಮೂರು ವರ್ಷದಿಂದ ಅಂಗಡಿ, ಲೋಡು, ಮದುವೆ ಅಂತ ಒಂದಿಲ್ಲೊಂದು ನೆವ. ಒಬ್ಬನೇ ಹೋಗಿದ್ದು ತಪ್ಪಾದರೆ, ಆ ತಪ್ಪಿನಲ್ಲಿ ಅರ್ಧ ಇವನ ಪಾಲು. ಬಾಯಿ ತೆರೆದ. ತೆರೆದ ಬಾಯಿಗೆ ಓಬಳೇಶನ ಮುಖ ಅಡ್ಡ ಬಂತು. ಕಿವಿ ನಿಮಿರಿಸಿ ನಿಂತಿದ್ದ ಅವನು. ಈಗ ಸತ್ಯ ಹೇಳಿದರೆ ಅಧ್ಯಕ್ಷನ ಮಾನವೊಂದೇ ಹೋಗುವುದಿಲ್ಲ, ಏಕಾಂತಮ್ಮ ಹಸಿದಿದ್ದಳು ಅನ್ನುವುದೂ ಸಂಜೆಯೊಳಗೆ ಬಿ.ದುರ್ಗ ಮುಟ್ಟುತ್ತದೆ.

"ಆಯ್ತು" ಅಂದರು ಸಬ್‌ಇನ್ಸ್‌ಪೆಕ್ಟರ್, "ಇನ್ನು ಮುಂದೆ ಆ ಮನೆ ಕಡೆ ಹೋಗಲ್ಲ ಅಂತ ಮುಚ್ಚಳಿಕೆ ಬರೆದು ಕೊಟ್ಟು ಹೋಗು. ಇಲ್ಲಾಂದ್ರೆ ಯಾಕೆ ಹೋಗ್ತಿದ್ದೆ ಅಂತ ನಿಜ ಹೇಳು."

ಪೆನ್ನು ಕೈಗೆ ಬಂತು. ಬರೆದರೆ ಮುದುಕಿಗೆ ಅಕ್ಕಿ ಇಲ್ಲ, ಮಾತ್ರೆ ಇಲ್ಲ. ಹೇಳಿದರೆ ಮಾನವಿಲ್ಲ. ಅನ್ನ, ಮಾನ ಎರಡೂ ಅವಳವೇ.

"ಸಾರ್, ಒಂದು ಗಂಟೆ ಟೈಮ್ ಕೊಡ್ರಿ. ಅಮ್ಮನ್ನೇ ಕೇಳ್ಕಂಡು ಬರ್ತೀನಿ."

"ಸಾಕ್ಷಿ ತಿದ್ದಾಕೆ ಹೊಂಟಿದಾನೆ ಸಾರ್!" ಓಬಳೇಶ್ ಚೀರಿದ.

ಸಬ್‌ಇನ್ಸ್‌ಪೆಕ್ಟರ್ ಯೋಚಿಸಿ ಮಹಿಳಾ ಪೇದೆ ದಿವ್ಯಾಳನ್ನು ಜೊತೆಗೆ ಕಳಿಸಿದರು. ದಾರಿಯುದ್ದಕ್ಕೂ ಜನ ನೋಡಿದರು. ಚಾ ಅಂಗಡಿಯಿಂದ ಯಾರೋ, "ಚೌರಪ್ಪ, ಪೊಲೀಸರ ಯೂನಿಫಾರಂ ಆರ್ಡರ್ ಸಿಕ್ತೇನಲೇ?" ಅಂತ ಕೂಗಿದರು. ಆ ನಗುವಿನಲ್ಲಿ ತಮಾಷೆ ಎಷ್ಟು, ಅನುಮಾನ ಎಷ್ಟು ಅಂತ ಅವನಿಗೆ ತಿಳಿಯಲಿಲ್ಲ.

ಬಾಗಿಲು ತೆಗೆದ ಏಕಾಂತಮ್ಮ ಮೊದಲು ಕಂಡಿದ್ದು ಖಾಕಿ. ಆಮೇಲೆ ಚೌರಪ್ಪ.

"ಹೇಳಿಬಿಟ್ಯಾ?"

"ಇಲ್ಲಮ್ಮ. ನಾನು ಹೇಳಿಲ್ಲ."

"ಮತ್ತೆ ಇವಳ್ಯಾಕೆ ಬಂದಳು?"

ಚೌರಪ್ಪ ಹೊಸಿಲಾಚೆ ನಿಂತೇ ನಡೆದದ್ದನ್ನು ಹೇಳಿದ. ಪ್ರೆಸ್ಸಿಗೆ ಹೆಸರು ಕೊಟ್ಟವರು ಯಾರು ಅನ್ನುವುದನ್ನು ಬಿಟ್ಟು. ಮುಚ್ಚಳಿಕೆಯ ವಿಷಯ ಹೇಳಿ ಕೊನೆಗೆ ಅಂದ: "ನೀವು ಹೆಂಗೆ ಅಂತೀರೋ ಹಂಗೆ ಮಾಡ್ತೀನಿ. ಬರೆದು ಕೊಡು ಅಂದ್ರೆ ಬರೆದು ಕೊಡ್ತೀನಿ."

ಅವಳು ಒಳಗೆ ಹೋಗಿ, ಹಣೆಗೆ ಎದ್ದು ಕಾಣುವಂತೆ ವಿಭೂತಿ ಹಚ್ಚಿಕೊಂಡು, ಒಗೆದ ಸೀರೆ ಉಟ್ಟು ಬಂದಳು. "ನಡಿಯಮ್ಮ, ಹೋಗಾಣ" ಅಂದಳು ದಿವ್ಯಾಳಿಗೆ. ಚೌರಪ್ಪನಿಗಲ್ಲ.

ಠಾಣೆಯಲ್ಲಿ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಸ್ವಾಮಿ, ಹನ್ನೊಂದು ವರ್ಷದಿಂದ ನಾನು ತಿನ್ನೋದು ಇವನು ತಂದ ಅಕ್ಕಿ. ನನ್ನ ಕೊರಳಾಗಿನ ಲಿಂಗದ ಬಗ್ಗೆ ಇವನು ಒಂದು ಮಾತು ಎತ್ತಿದವನಲ್ಲ." ಅಲ್ಲಿಂದ ಓಬಳೇಶನ ಕಡೆ ತಿರುಗಿದಳು. "ನನ್ನ ಜಾತಿ ಕೆಟ್ಟೀತು ಅಂತ ಓಡಿ ಬಂದೀಯಲ್ಲಪ್ಪ, ನಾನು ಉಂಡೆನಾ ಅಂತ ಕೇಳಾಕೆ ಒಂದು ದಿನ ಬಂದಿದ್ಯಾ?"

ಓಬಳೇಶ್ ದೂರು ವಾಪಸ್ ತಗೊಂಡ. ತಗೊಳ್ಳುವಾಗಲೂ, "ಮನೆತನದ ಮರ್ಯಾದೆಗೆ ಬಂದೆ" ಅಂತ ಗೊಣಗಿದ. ಹೊಟ್ಟೆಗೆ ಹಾಕದ ಮನೆತನಕ್ಕೂ ಮರ್ಯಾದೆ ಬೇಕು, ಏನು ಮಾಡುವುದು.

ಹೊರಗಿನ ಮೆಟ್ಟಿಲ ಹತ್ತಿರ ಜ್ಞಾನಪ್ರಕಾಶ ಕಾದಿದ್ದ. ಮುಖದಲ್ಲಿ ಎಂಥಾ ಗೆಲುವು!

"ಅಮ್ಮಾ, ಒಳಗೆ ಅಂದ್ರಲ್ಲ, ಆ ಮಾತೇ ಸಾಕು, ನಮ್ಮ ಸ್ಮರಣ ಸಂಚಿಕೆಗೆ ಅದೇ ಮುಖಪುಟ. ಸ್ವಲ್ಪ ಹಿಂಗೆ ತಿರುಗ್ರಿ, ಒಂದೇ ಒಂದು ಫೋಟೋ..."

ಚೌರಪ್ಪ ಫೋನಿನ ಮೇಲೆ ಅಂಗೈ ಇಟ್ಟ. "ಇಳಿಸು."

"ಅಣ್ಣಾ, ಇದು ಚರಿತ್ರೆ!"

ಏಕಾಂತಮ್ಮ ಮೆಟ್ಟಿಲಿಳಿದು ದೂರ ಹೋಗುವವರೆಗೆ ಕಾದು ಚೌರಪ್ಪ ಅಂದ: "ಆ ಹಾಳೆ ಒಂದು ಅಚ್ಚಾದ್ರೆ, ನಿನಗೆ ಪಟ್ಟಿ ಎಲ್ಲಿಂದ ಸಿಕ್ತು ಅಂತ ಪೂಜೆ ಮುಗಿದ ಮೇಲೆ ಎಲ್ಲರ ಮುಂದೆ ಕೇಳ್ತೀನಿ. ಉತ್ತರ ಹುಡುಕಿ ಇಟ್ಕ."

ಕೆಲ ವಾರಗಳಾದ ಮೇಲೆ ಸಂಚಿಕೆ ಹೊರಬಂತು. ಆ ಪುಟ ಇರಲಿಲ್ಲ. ಚೌರಪ್ಪನ ಹೆಸರೂ ಇರಲಿಲ್ಲ. ಅಧ್ಯಕ್ಷರ ಫೋಟೋ ಹನ್ನೆರಡು ಕಡೆ ಇತ್ತು.

ಚೌರಪ್ಪ ಈಗಲೂ ಶನಿವಾರ ಹಳೇಪೇಟೆಗೆ ಹೋಗುತ್ತಾನೆ. ಮೊದಲೆಲ್ಲ ಏಕಾಂತಮ್ಮ ಒಳಗೆ ಕರೆದು, ಬೆಲ್ಲ ನೀರು ಕೊಟ್ಟು, ಬಿ.ದುರ್ಗದ ಕಥೆ ಹೇಳುತ್ತಿದ್ದಳು. ಈಗ ಮೊದಲ ದಿನದ ಷರತ್ತು ನುಂಗಿಕೊಂಡು ಹೊಸಿಲಲ್ಲೇ ಚೀಲ ಇಸ್ಕೊಳ್ಳುತ್ತಾಳೆ. ಹೋದ ವಾರ ಒಮ್ಮೆ ಕೇಳಿದಳು: "ಆ ಹೆಸರು ಬರೆದು ಕೊಟ್ಟಿದ್ದು ಯಾರು, ಚೌರಪ್ಪ?"

ಚೌರಪ್ಪನಿಗೆ ಗೊತ್ತು, ಸಂಘದಲ್ಲಿ ಈಗ ಆ ಮನೆಗೆ ಬರುವವರು ತನ್ನನ್ನು ಬಿಟ್ಟರೆ ಯಾರೂ ಇಲ್ಲ, ಅನುಮಾನ ತನ್ನ ಮೇಲೇ ಬೀಳುತ್ತದೆ ಅಂತ. ಅಧ್ಯಕ್ಷನ ಹೆಸರು ಹೇಳಿದರೆ ಸಂಘದ ಅಕ್ಕಿಯನ್ನೇ ಅವಳು ಬೀದಿಗೆ ಎಸೆದಾಳು ಅಂತಲೂ ಗೊತ್ತು.

"ಗೊತ್ತಿಲ್ಲಮ್ಮ" ಅಂದ.

ಅವಳು ಅವನ ಮುಖವನ್ನೇ ನೋಡಿದಳು. ನಂಬಲಿಲ್ಲ. ಚೀಲ ತಗೊಂಡು ಬಾಗಿಲು ಹಾಕಿಕೊಂಡಳು.