ಖಾಲಿ ತೊಟ್ಟಿಲು ಬಸ್ಸು ಹತ್ತಬಾರದು

ನಕ್ಷೆಯ ಮೇಲೆ ಗೆರೆ ಎಳೆಯುವುದು ನನ್ನ ಕಸುಬು. ಹೈದರಾಬಾದಿನ ಯಾವ ಮೂಲೆಯಿಂದ ಯಾವ ಮೂಲೆಗೆ ಬಸ್ಸು ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳುವ ಒಂದು ಸಣ್ಣ ಕಚೇರಿಯಲ್ಲಿ ಕೆಲಸ. ಬಸ್ಸು ಓಡಿಸುವವರು ಬೇರೆ, ನಾವು ಬರೀ ಸಲಹೆ ಕೊಡುವವರು. ಸಲಹೆಗೆ ಡೀಸೆಲ್ ಬೇಕಾಗುವುದಿಲ್ಲವಾದ್ದರಿಂದ ಧಾರಾಳವಾಗಿಯೇ ಕೊಡುತ್ತೇವೆ.

ಆ ವರ್ಷ ನಮ್ಮ ಪಾಲಿಗೆ ಬಂದದ್ದು ವಿಮಾನ ನಿಲ್ದಾಣದ ದಾರಿ. ನಾವಿರುವುದು ಮಲ್ಕಾಜ್‌ಗಿರಿಯಲ್ಲಿ, ಊರಿನ ಈ ತುದಿ. ವಿಮಾನ ಹಾರುವುದು ಶಂಷಾಬಾದಿನಲ್ಲಿ, ಆ ತುದಿ. ದಿಲ್ಲಿಗೆ ಹೋಗುವುದು ಸುಲಭ, ಶಂಷಾಬಾದಿಗೆ ಹೋಗುವುದೇ ಕಷ್ಟ ಎಂದು ನಮ್ಮ ಓಣಿಯವರು ಆಡಿಕೊಳ್ಳುತ್ತಿದ್ದರು. ನಾನು ಮಲ್ಕಾಜ್‌ಗಿರಿಯಿಂದ ಹೊರಟು ಸಿಕಂದರಾಬಾದ್ ಹಾದು ನಿಲ್ದಾಣ ಮುಟ್ಟುವ ಒಂದು ಗೆರೆ ಎಳೆದೆ. ಅದು ಒಪ್ಪಿಗೆಯಾಗಿ ಪರೀಕ್ಷೆಗೆಂದು ಬಸ್ಸೂ ಓಡತೊಡಗಿತು. ನನಗೆ ನೆಲ ಕಾಣದಾಯಿತು. ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು. ‘ನನ್ನ ಬಸ್ಸು’ ಎನ್ನುತ್ತಿದ್ದೆ, ನಮ್ಮಪ್ಪ ಗಳಿಸಿಕೊಟ್ಟ ಆಸ್ತಿಯೋ ಎಂಬಂತೆ.

ಕಚೇರಿಯ ಗೋಡೆಗೆ ನಮ್ಮ ಮೇಲಧಿಕಾರಿಯಾದ ಹಿರಿಯರು ಒಂದು ಚಿತ್ರ ಅಂಟಿಸಿದ್ದರು. ಒಬ್ಬ ಮನುಷ್ಯ, ಅವನ ಹಿಂದೆ ಗಾಲಿಯ ಮೇಲೆ ಉರುಳುವ ಒಂದು ಪೆಟ್ಟಿಗೆ. ವಿಮಾನದ ಪ್ರಯಾಣಿಕ ಅಂದರೆ ಇವನೇ, ಇವನನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಜನೆ ಮಾಡಿ ಎಂಬುದು ಅವರ ಉಪದೇಶ. ನಾನೂ ಅವನನ್ನೇ ನಂಬಿದ್ದೆ. ಅವನಿಗೆ ಹೆಂಡತಿಯಿಲ್ಲ, ಸೋದರಮಾವನಿಲ್ಲ, ಕೈಯಲ್ಲಿ ಬುತ್ತಿಯ ಗಂಟಿಲ್ಲ. ಅಂಥವನನ್ನು ನಮ್ಮ ಕಡೆ ನಾನಂತೂ ಕಂಡಿಲ್ಲ. ಆದರೂ ಗೋಡೆಯ ಮೇಲೆ ಇದ್ದಾನಲ್ಲ ಎಂದು ಒಪ್ಪಿಕೊಂಡಿದ್ದೆ.

ಆಗ ನನ್ನ ತಂಗಿ ಬಾಣಂತನಕ್ಕೆ ನಮ್ಮಲ್ಲಿ ಬಂದಿದ್ದಳು. ಅಪ್ಪ ರೈಲ್ವೆಯಲ್ಲಿದ್ದು ನಿವೃತ್ತರಾದವರು. ವರ್ಗವಾಗಿ ಬಂದು ಇಲ್ಲೇ ಬೇರು ಬಿಟ್ಟ ಧಾರವಾಡ ಸೀಮೆಯ ಮನೆತನ ನಮ್ಮದು. ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ಹಿಂದಿ, ಬಾಣಂತಿಯ ಕೋಣೆಯಲ್ಲಿ ಮಾತ್ರ ಅಪ್ಪಟ ಊರ ಕನ್ನಡ. ತಂಗಿಗೆ ಹೆಣ್ಣು ಕೂಸು ಹುಟ್ಟಿತು. ಮಗಳನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸುವಾಗ ತವರಿನವರು ತೊಟ್ಟಿಲು ಕೊಡಬೇಕು. ಅವ್ವ ತನ್ನ ತಮ್ಮನಿಗೆ, ಅಂದರೆ ನಮ್ಮ ಸೋದರಮಾವನಿಗೆ, ಹೇಳಿ ಕಲಘಟಗಿಯಿಂದ ಬಣ್ಣದ ತೊಟ್ಟಿಲು ತರಿಸಿದಳು. ಕೆಂಪು ಹಳದಿ ಹಸಿರು ಅರಗಿನ ಬಣ್ಣ, ಪಟ್ಟಿಯ ಮೇಲೆ ಸಾಲು ಚಿತ್ರ. ಮಾವ ಅದರೊಳಗೆ ಜೋಳದ ಚೀಲ ಇಟ್ಟುಕೊಂಡೇ ರೈಲಿನಲ್ಲಿ ತಂದರು. ಖಾಲಿ ತೊಟ್ಟಿಲು ಪ್ರಯಾಣ ಮಾಡಬಾರದು, ಖಾಲಿ ತೊಟ್ಟಿಲು ತೂಗಬಾರದು.

ತಂಗಿಯ ಗಂಡನಿಗೆ ಕೆಲಸ ದಿಲ್ಲಿಯಲ್ಲಿ. ವಿಮಾನಕ್ಕೆ ಟಿಕೆಟ್ ಆಯಿತು. ತೊಟ್ಟಿಲನ್ನು ಪಾರ್ಸೆಲ್ ಮಾಡಿದರಾಯಿತು ಎಂದು ತಂಗಿ ಹೇಳಿದಳು. ಅವ್ವ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

“ಪಾರ್ಸೆಲ್‌ನಾಗ ಹಾಕಿದ್ರ ದಿಲ್ಲಿ ಮುಟ್ಟೂತನಾ ಖಾಲಿ ತೊಟ್ಟಿಲಾ ತೂಗಿಕೋತ ಹೋಗತೈತಿ. ಅದು ಆಗೂದಿಲ್ಲ. ಕೂಸಿನ ಜೋಡಿನ ಹೋಗಬೇಕು, ನಾ ಕಣ್ಣಾರೆ ನೋಡಿ ಕಳಸಾಕಿ.”

ತಂಗಿ ಪಾರ್ಸೆಲ್ಲಿನ ಮಾತು ಬಿಟ್ಟಳು. ನನಗಿಂತ ಮೊದಲು ಅವ್ವನಿಗೊಂದು ಹೆಣ್ಣು ಕೂಸು ಹುಟ್ಟಿ, ತೊಟ್ಟಿಲಿಗೆ ಹಾಕಿದ ಕೆಲವೇ ವಾರಕ್ಕೆ ಹೋಗಿಬಿಟ್ಟಿತ್ತಂತೆ. ಅವ್ವ ಆ ಮಾತು ಎಂದೂ ಆಡಿದವಳಲ್ಲ, ಅಪ್ಪ ಒಮ್ಮೆ ಹೇಳಿದ್ದರು. ಆ ಖಾಲಿ ತೊಟ್ಟಿಲನ್ನು ಬಹಳ ದಿನ ಯಾರಿಗೂ ಬಿಚ್ಚಿಡಲು ಧೈರ್ಯವಾಗಿರಲಿಲ್ಲವಂತೆ. ಹೀಗಾಗಿ ತೊಟ್ಟಿಲ ವಿಷಯದಲ್ಲಿ ಅವ್ವ ಹೇಳಿದ್ದೇ ನಮ್ಮ ಮನೆಯ ಕಾನೂನು.

ಬಾಡಿಗೆ ಕಾರಿನಲ್ಲಿ ತೊಟ್ಟಿಲು ಹಿಡಿದರೆ ಮಂದಿ ಹಿಡಿಯುವುದಿಲ್ಲ, ಮಂದಿ ಹಿಡಿದರೆ ತೊಟ್ಟಿಲು ಹಿಡಿಯುವುದಿಲ್ಲ. ನಾನು ಎದೆಯುಬ್ಬಿಸಿ, ನನ್ನ ಬಸ್ಸು ಇರುವಾಗ ಚಿಂತೆ ಯಾಕೆ ಎಂದೆ.

ಹೊರಡುವ ಬೆಳಿಗ್ಗೆ ಅವ್ವ ತೊಟ್ಟಿಲಿನ ಕಾಲು, ಅಡ್ಡಪಟ್ಟಿ ಬಿಚ್ಚಿಸಿ ಒಂದು ಕಟ್ಟು ಮಾಡಿಸಿದ್ದಳು. ನಡುವಿನ ಪೆಟ್ಟಿಗೆಯನ್ನು ಮಾತ್ರ ಬಿಚ್ಚದೆ ಕೌದಿಯಲ್ಲಿ ಸುತ್ತಿ, ಸುತ್ತಲೂ ದಬ್ಬಣದಿಂದ ತಾನೇ ಹೊಲಿದಿದ್ದಳು. ಹೊರಟವರು ಯಾರು ಯಾರು? ತಂಗಿ, ಕೂಸು, ಅವ್ವ, ಅಪ್ಪ, ನಾನು, ನನ್ನ ಹೆಂಡತಿ, ಮಾವ. ಜೊತೆಗೆ ಕೂಸಿಗೆ ದಿನಾ ನೀರು ಹಾಕಿದ ಮೇಲಿನ ಮನೆಯ ತೆಲುಗಿನ ಆಂಟಿ. ಅವರನ್ನು ಬಿಟ್ಟು ಹೋಗುವುದುಂಟೇ? ಹಾರುವವರು ಒಂದೂವರೆ ಮಂದಿ, ಕಳಿಸುವವರು ಒಂದು ದಿಬ್ಬಣ.

ನನ್ನ ಬಸ್ಸಿನ ನಿಲ್ದಾಣ ಮನೆಗೆ ತೀರ ಹತ್ತಿರ. ನಕ್ಷೆಯಲ್ಲಿ ನೋಡಿದರೆ ಬೆರಳಗಲ. ಆದರೆ ಆ ಬೆರಳಗಲದ ನಡುವೆ ರೈಲು ಹಳಿ ಇತ್ತು. ದಿನಾ ಬೈಕಿನಲ್ಲಿ ಸುತ್ತಿಕೊಂಡು ಹೋಗುವ ನನಗೆ ಅದು ತಲೆಗೇ ಹೊಳೆದಿರಲಿಲ್ಲ. ಊರಿಗೆಲ್ಲ ದಾರಿ ತೋರಿಸುವವನ ಮನೆ ಮುಂದೆಯೇ ದಾರಿ ಇಲ್ಲ; ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ದಾಟಲು ಇದ್ದದ್ದು ಸ್ಟೇಷನ್ನಿನ ಮೇಲ್ಸೇತುವೆ ಒಂದೇ. ಅಪ್ಪ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಇಷ್ಟು ದೊಡ್ಡ ಹಳಿ ನಿನಗ ಕಾಣಲಿಲ್ಲೇನೋ ತಮ್ಮಾ? ನಮ್ಮ ಹೊಟ್ಟಿಗೆ ಅನ್ನ ಹಾಕಿದ್ದ ಅದು.”

ಪೆಟ್ಟಿಗೆಯ ಒಂದು ತುದಿ ನನ್ನ ಹೆಗಲ ಮೇಲೆ, ಇನ್ನೊಂದು ತುದಿ ಮಾವನ ಹೆಗಲ ಮೇಲೆ. ಹಾಳಾದ್ದು ಏನು ಭಾರವೋ, ಮೆಟ್ಟಿಲಿಗೊಮ್ಮೆ ಒಂದು ಕಡೆ ವಾಲುತ್ತಿತ್ತು. ಕಲಘಟಗಿಯ ಕಟ್ಟಿಗೆ ಅಂದರೆ ಹಾಗೇ, ನಿಮ್ಮ ಊರಿನ ಪ್ಲೈವುಡ್ ಅಲ್ಲ ಎಂದು ಮಾವ ಏದುತ್ತಲೇ ಜಂಬ ಕೊಚ್ಚಿದರು. ಎದುರಿಗೆ ಬಂದ ಒಬ್ಬ ಮುದುಕಿ ನಮ್ಮನ್ನು ಕಂಡು ಬದಿಗೆ ಸರಿದು, ಬಟ್ಟೆ ಸುತ್ತಿದ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಯಾವ ದೇವರು ಎಂದು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಬಸ್ಸಿನಲ್ಲಿ ಸಾಮಾನಿಡುವ ಕಟಾಂಜನ ನಾನೇ ಹೇಳಿ ಮಾಡಿಸಿದ್ದು, ಗೋಡೆಯ ಮೇಲಿನ ಆ ಮನುಷ್ಯನ ಪೆಟ್ಟಿಗೆಯ ಅಳತೆಗೆ. ತೊಟ್ಟಿಲು ಅಲ್ಲಿ ಹಿಡಿಯಲಿಲ್ಲ. ಡ್ರೈವರ್ ತೆಲುಗಿನಲ್ಲಿ ಗೊಣಗಿದ. ಹೋಗುವವರು ಯಾರು, ಇವರೆಲ್ಲ ಯಾಕೆ ಎಂದ. ಕೊನೆಗೆ ನಡುದಾರಿಯಲ್ಲಿ ಇಟ್ಟುಕೊಳ್ಳಿ ಎಂದು ಬಿಟ್ಟ. ಸಿಕಂದರಾಬಾದಿನಲ್ಲಿ ದುಬೈಗೆ ಕೆಲಸಕ್ಕೆ ಹೊರಟ ಹುಡುಗನೊಬ್ಬ ಹತ್ತಿದ, ಹಿಂದೆ ಅವನ ಅಮ್ಮಿ, ಅಬ್ಬಾ, ಅಕ್ಕತಂಗಿಯರು, ಹಗ್ಗ ಸುತ್ತಿದ ರಟ್ಟಿನ ಡಬ್ಬ. ಆಮೇಲೆ ಇನ್ನೊಂದು ಸಂಸಾರ. ಬಸ್ಸು ಭರ್ತಿ. ಒಂಟಿಯಾಗಿ ಗಾಲಿ ಪೆಟ್ಟಿಗೆ ಎಳೆದುಕೊಂಡು ಬಂದವನೊಬ್ಬ ಬಾಗಿಲಲ್ಲೇ ಜೋತುಬಿದ್ದಿದ್ದ. ನನಗೆ ಮೊದಲು ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದೆ. ಆಮೇಲೆ ನಗು ಬಂತು. ನನ್ನ ಬಸ್ಸನ್ನು ಜನ ಕಾಚಿಗೂಡ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಮಾಡಿಕೊಂಡಿದ್ದರು. ಊರಿಗೆ ಹೋಗುವ ರೈಲಿಗೆ ಒಬ್ಬರು ಹತ್ತುವಾಗ ಕಿಟಕಿಯ ಹೊರಗೆ ಹತ್ತು ಕೈ ಇರುವುದಿಲ್ಲವೇ, ಹಾಗೆ.

ಅವ್ವ ದಾರಿಯುದ್ದಕ್ಕೂ ತೊಟ್ಟಿಲ ಮೇಲೆ ಒಂದು ಕೈ ಇಟ್ಟುಕೊಂಡೇ ಕೂತಿದ್ದಳು. ಅಷ್ಟು ನಿಶ್ಚಿಂತೆಯಾಗಿ ಕೂತದ್ದು ಯಾಕೆಂದು ನಾನು ಕೇಳಲಿಲ್ಲ.

ವಿಮಾನ ನಿಲ್ದಾಣದ ಗಾಜಿನ ಬಾಗಿಲಲ್ಲಿ ದಿಬ್ಬಣ ನಿಂತಿತು. ಟಿಕೆಟ್ ಇದ್ದವರು ಒಳಗೆ, ಇಲ್ಲದವರು ಹೊರಗೆ. ಪ್ಲಾಟ್‌ಫಾರ್ಮ್ ಟಿಕೆಟ್ ಎಲ್ಲಿ ಕೊಡುತ್ತಾರೆ ಎಂದು ಅಪ್ಪ ಅತ್ತಿತ್ತ ಹುಡುಕಿದರು. ಅವ್ವ ಕೂಸಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟಿಟ್ಟಳು, ತಂಗಿಯ ಕೈಗೆ ಕೊಟ್ಟಳು, ಅಳಲಿಲ್ಲ. ತಂಗಿ ತಳ್ಳುಗಾಡಿಯ ಮೇಲೆ ತೊಟ್ಟಿಲು ಹೇರಿಕೊಂಡು ಒಳಗೆ ಹೋದಳು. ನಾವು ಹೊರಗೆ ಕಂಬಿಗೆ ಒರಗಿ ನಿಂತೆವು. ಎಲ್ಲ ಕಂಬಿಗೂ ಯಾರಾದರೂ ಒರಗಿದ್ದರು. ಒಳಗಿದ್ದವರಿಗಿಂತ ಹೊರಗಿದ್ದವರೇ ಹೆಚ್ಚು ದೂರ ಬಂದವರ ಹಾಗೆ ದಣಿದಿದ್ದರು. ಕಂಬಿಗೆ ಒರಗಿದ ಈ ಮಂದಿಯಲ್ಲಿ ಒಬ್ಬರೂ ನನ್ನ ನಕ್ಷೆಯಲ್ಲಿ ಇರಲಿಲ್ಲ. ಮರುವಾರ ಕಚೇರಿಯಲ್ಲಿ ಇದನ್ನೇ ಹೇಳಿದೆ: ಹೋಗುವವನು ಒಬ್ಬ ಸರ್, ಆದರೆ ಪ್ರಯಾಣ ಮನೆಯವರೆಲ್ಲರದು, ಅವರಿಗೆ ಕೂರಲು ಜಾಗ, ವಾಪಸ್ಸು ಬರಲು ಬಸ್ಸು ಬೇಕು, ಮಲ್ಕಾಜ್‌ಗಿರಿಯ ನಿಲ್ದಾಣ ಹಳಿಯ ಎರಡೂ ಕಡೆ ಬೇಕು. ನಮ್ಮ ಹಿರಿಯರು ನಗಾಡಿದರು. ನಕ್ಕು, ಗೋಡೆಯ ಮನುಷ್ಯನ ಪಕ್ಕದಲ್ಲಿ ಪೆನ್ನಿನಿಂದ ಒಂದು ಸೀರೆಯುಟ್ಟ ಹೆಂಗಸನ್ನು ಬರೆದರು. ಚಿತ್ರ ಚೆನ್ನಾಗಿರಲಿಲ್ಲ, ಆದರೆ ನಿಲ್ದಾಣ ಬಂತು.

ಆ ದಿನ ಕಂಬಿಗೆ ಒರಗಿ ನಿಂತಿದ್ದಾಗಲೇ ತಂಗಿಯ ಫೋನು ಬಂತು. ದನಿ ಸಣ್ಣಗಿತ್ತು. ತೊಟ್ಟಿಲೊಳಗೆ ಅವ್ವ ಏನಿಟ್ಟಿದ್ದಾಳೆ, ಇಲ್ಲಿ ಪರದೆಯ ಮೇಲೆ ದುಂಡಗೆ ಕರ್ರಗೆ ಏನೋ ಕಾಣುತ್ತಿದೆ, ಎಲ್ಲರೂ ಸುತ್ತ ನಿಂತು ಕೇಳುತ್ತಿದ್ದಾರೆ ಎಂದಳು. ನಾನು ಅವ್ವನ ಕಡೆ ತಿರುಗಿದೆ.

“ಗುಂಡಕಲ್ಲ” ಎಂದಳು ಅವ್ವ, ಉಪ್ಪು ಎಂದಷ್ಟೇ ಸಹಜವಾಗಿ.

ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ಮುಂಚೆ ನಮ್ಮ ಕಡೆ ಒರಳಿನ ಗುಂಡಕಲ್ಲಿಗೆ ಕೂಸಿನ ತಲೆಯಿಂದ ಬೆನ್ನಿಗಿಳಿಯುವ ಕುಂಚಿಗೆ ತೊಡಿಸಿ ಅದರಲ್ಲಿ ಮಲಗಿಸುತ್ತಾರೆ, ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು. ವಿಮಾನದಲ್ಲಿ ಕೂಸು ಮೇಲೆ, ತೊಟ್ಟಿಲು ಕೆಳಗೆ ಸಾಮಾನಿನೊಳಗೆ ಎಂದು ತಿಳಿದ ದಿನವೇ ಅವ್ವ ಇದನ್ನು ನಿಶ್ಚಯಿಸಿದ್ದಳಂತೆ. ಕಲಘಟಗಿಯ ಕಟ್ಟಿಗೆಯ ಭಾರ ನನಗೆ ಆಗ ಅರ್ಥವಾಯಿತು. ಮಾವ ಬೇರೆ ಕಡೆ ನೋಡಿದರು.

ಒಳಗಿನವರು ಒಳ್ಳೆಯವರು. ಕಲ್ಲಿಗೆ ತೊಡಿಸಿದ್ದ ಕುಂಚಿಗೆ ಕಂಡು ನಕ್ಕರಂತೆ. ಆದರೆ ಕಲ್ಲು ತೆಗೆದರೆ ತೊಟ್ಟಿಲು ಹೋಗುತ್ತದೆ, ಇಲ್ಲವಾದರೆ ಇಲ್ಲ ಎಂದರಂತೆ. ಸ್ವಲ್ಪ ಹೊತ್ತಿಗೆ ತಂಗಿ ಒಂದು ಕಂಕುಳಲ್ಲಿ ಕೂಸು, ಒಂದು ಕಂಕುಳಲ್ಲಿ ಕಲ್ಲು ಹಿಡಿದು ಬಾಗಿಲಿಗೆ ಬಂದಳು. ಎರಡಕ್ಕೂ ಒಂದೇ ಬಣ್ಣದ ಕುಂಚಿಗೆ. ಕಾವಲಿನವನು ಕಲ್ಲನ್ನು ಈಚೆಗೆ ದಾಟಿಸಿದ. ಅವ್ವ ಅದನ್ನು ಎತ್ತಿಕೊಂಡಳು.

“ಹಂಗಾರ ತೊಟ್ಟಿಲಾನೂ ಇಲ್ಲೇ ಇರಲಿ. ಖಾಲಿ ಹೋಗೂದು ಬ್ಯಾಡ” ಎಂದಳು. ಕಲ್ಲನ್ನು ಎದೆಗೆ ಅವಚಿಕೊಂಡಳು.

ಅಪ್ಪ ನೆಲ ನೋಡುತ್ತಿದ್ದರು. ನಗುವ ವಿಷಯವಲ್ಲ ಎಂದು ಮೇಲಿನ ಮನೆಯ ಆಂಟಿಗೂ ತಿಳಿದಿತ್ತು, ಯಾರೂ ಹೇಳದೆಯೇ. ತಂಗಿ ಕೂಸಿನ ಅಂಡಿನ ಕೆಳಗೆ ಕೈ ಹಾಕಿ ನೋಡಿದಳು. ಅಲ್ಲೇ ಬಾಗಿಲ ಬದಿಗೆ ಕೂತು ತೊಯ್ದ ಲಂಗೋಟಿ ಬಿಚ್ಚಿ, ಒಣ ಬಟ್ಟೆ ಕಟ್ಟಿ, ತೊಯ್ದದ್ದನ್ನೂ ಕೂಸಿನ ಮೈಮೇಲಿದ್ದ ಅಂಗಿಯನ್ನೂ ಸುತ್ತಿ ಅವ್ವನಿಗೆ ತೋರಿಸಿದಳು.

“ಇದನ್ನ ತೊಟ್ಟಿಲಾಗ ಇಡ್ತೀನಿ ಬೇ. ಇನ್ನೂ ಬೆಚ್ಚಗ ಐತಿ, ನೋಡು.”

ಅವ್ವ ಕಂಬಿಯ ಮೇಲಿಂದ ಬಾಗಿ ಅದನ್ನು ಮುಟ್ಟಿದಳು. ಮೂಸಿದಳು. ತಲೆಯಾಡಿಸಿದಳು. ತಂಗಿ ಒಳಗೆ ಓಡಿದಳು. ತೊಟ್ಟಿಲು ಹೋಯಿತೆಂದು ಫೋನಿನಲ್ಲಿ ಹೇಳಿದ ಮೇಲೂ ಅವ್ವ, ಆ ವಿಮಾನ ಯಾವುದೆಂದು ಗೊತ್ತಿಲ್ಲದಿದ್ದರೂ ಮೇಲೆದ್ದ ವಿಮಾನಕ್ಕೆಲ್ಲ ಕೈ ಮುಗಿದಳು.

ವಾಪಸ್ಸು ಬಸ್ಸಿನಲ್ಲಿ ಸಾಮಾನಿನವರೇ ತುಂಬಿದ್ದರು, ಎಲ್ಲೆಲ್ಲಿಂದಲೋ ಆಗ ತಾನೇ ಇಳಿದು ಬಂದವರು. ನಮಗೆ ನಿಲ್ಲುವ ಜಾಗ. ಅವ್ವನ ತೋಳಿನಲ್ಲಿ ಕುಂಚಿಗೆ ಕಂಡು ಒಬ್ಬ ಹೆಂಗಸು ಎದ್ದು ಸೀಟು ಕೊಟ್ಟಳು. ಅವ್ವ ಕೂತು ಕಲ್ಲನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಸೆರಗು ಹೊದಿಸಿದಳು. ನಾನು ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ನನ್ನ ಹೆಂಡತಿ ನನ್ನ ಕೈ ಚಿವುಟಿದಳು. ಗಂಡೋ ಹೆಣ್ಣೋ ಎಂದು ಆ ಹೆಂಗಸು ತೆಲುಗಿನಲ್ಲಿ ಕೇಳಿದಳು. ಅವ್ವ ಮುಖ ಎತ್ತಲಿಲ್ಲ. ಕೈ ಮೆಲ್ಲಗೆ ತಟ್ಟುತ್ತಲೇ ಇತ್ತು.

“ಹೆಣ್ಣ” ಎಂದಳು, ತನ್ನ ಕನ್ನಡದಲ್ಲೇ. “ಈಗರ ಮಲಗ್ಯಾಳ.”

ಆ ಹೆಂಗಸು ತನ್ನ ಮಗನಿಗೆ ಸುಮ್ಮನಿರಲು ಸನ್ನೆ ಮಾಡಿದಳು. ಹಿಂದಿನ ಸೀಟಿನವನು ಫೋನಿನ ಹಾಡು ನಿಲ್ಲಿಸಿದ. ಅಲ್ಲಿಂದ ಮಲ್ಕಾಜ್‌ಗಿರಿ ಬರುವವರೆಗೂ ಬಸ್ಸಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ.