ಉಪ್ಪಿಲ್ಲದ ಗಂಜಿಯ ಪಂಕ್ತಿ

ಅಥವಾ ಆ ಕಿಟಕಿಯಿಂದ ಸಮುದ್ರ ಕಾಣುತ್ತಲೇ ಇರಲಿಲ್ಲವೇನೋ. ಊರ ನಡುವಿನ ಫಳ್ನೀರಿನ ಆಸ್ಪತ್ರೆಯ ವಾರ್ಡಿನಿಂದ ಸಮುದ್ರ ಎಲ್ಲಿ ಕಾಣಬೇಕು? ಆದರೂ ನನ್ನ ನೆನಪಿನಲ್ಲಿ ಜಯಣ್ಣನ ಮಂಚದ ಹಿಂದೆ ನೀಲಿ ನೀರು ಇದ್ದೇ ಇದೆ. ಹೀಗಿರುವಾಗ ಉಳಿದದ್ದನ್ನು ಎಷ್ಟು ನಂಬಬೇಕೆಂದು ನೀವೇ ತೀರ್ಮಾನಿಸಿ. ಗಂಜಿಯನ್ನು ಮಾತ್ರ ನಂಬಬಹುದು. ಇವತ್ತು ಬೆಳಿಗ್ಗೆ ಹೆಂಡತಿ ಗಂಜಿಗೆ ಉಪ್ಪು ಹಾಕಲು ಮರೆತಿದ್ದಳು. ಮೊದಲ ಚಮಚಕ್ಕೇ ಎಪ್ಪತ್ತರ ದಶಕದ ಕೊನೆಯ ಆ ವಾರ್ಡು ನಾಲಿಗೆಯ ಮೇಲೆ ಬಂದು ಕುಳಿತಿತು.

ನಾನಾಗ ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಲಿವರ್ ಕೆಟ್ಟವರಿಗೆ ನೆರವಾಗುವ ಸಣ್ಣ ಸಂಘವೊಂದು ರಕ್ತ ಬೇಕೆಂದಾಗ, ವೀರನಂತೆ ಅಂಗಿಯ ತೋಳು ಮಡಚಿ ಬಸ್ಸು ಹತ್ತಿದೆ. ತೂಕ ಸಾಲದೆಂದು ವಾಪಸು ಕಳಿಸಿದರು. ಬಾಗಿಲಲ್ಲಿ ತಡೆದು ನಿಲ್ಲಿಸಿದವರು ಗಿರಿಜಕ್ಕ. ಯಾವುದೋ ಕಚೇರಿಯಲ್ಲಿ ಟೈಪಿಸ್ಟ್. ಸಂಘವೆಂದರೆ ಬಹುಪಾಲು ಅವರೇ.

"ರಕ್ತ ಇಲ್ಲದಿದ್ರೆ ಬೇಡ ಮಾರಾಯ. ಹೊಟ್ಟೆ ಉಂಟಲ್ಲ? ಶನಿವಾರ ಬಾ, ಊಟ ಮಾಡ್ಲಿಕ್ಕೆ."

ಊಟ ಮಾಡುವುದೂ ಸೇವೆಯೇ? ಅಲ್ಲಿ ಬೇರೆ ಘನವಾದ ಕೆಲಸಗಳಿದ್ದವು. ಹಳ್ಳಿಯಿಂದ ಬಂದ ರೋಗಿಗಳನ್ನು ಬಸ್ಸಿನಿಂದ ಇಳಿಸಿ ಕರೆತರುವುದು, ಶಾಲೆಗಳಿಗೆ ಹೋಗಿ ಕಾಮಾಲೆ ಬಾರದಿರಲು ನೀರು ಕುದಿಸಿ ಕುಡಿಯಿರಿ ಎಂದು ಹೇಳುವುದು. "ಕುಡಿದು ಹಾಳಾದವರಿಗೆ ಎಂತ ಸೇವೆ?" ಎಂದು ಕೆಣಕುವವರಿಗೆ ಉತ್ತರಿಸುವ ಕೆಲಸವನ್ನು ಮಾತ್ರ ಗಿರಿಜಕ್ಕ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. "ಯಾಕೆ ಬಂತು ಅಂತ ಕೇಳ್ಲಿಕ್ಕೆ ಡಾಕ್ಟ್ರು ಇದ್ದಾರೆ. ನಮ್ಮದು ಉಣಿಸುವ ಕೆಲಸ."

ಆ ಶನಿವಾರದ ಊಟಕ್ಕೆ ಕಾರಣ ಜಯಣ್ಣ. ಹೋಟೆಲಿನ ಅಡುಗೆಯವರು. ತೋಳುಗಳು ಕಡ್ಡಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿತ್ತು. ಉಪ್ಪು ಬಿಡಬೇಕು, ಆದರೆ ಚೆನ್ನಾಗಿ ಉಣ್ಣಲೂ ಬೇಕು. ಇಲ್ಲದಿದ್ದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ಜಯಣ್ಣ ಗಂಜಿಯನ್ನು ಗೋಡೆಯ ಕಡೆ ಸರಿಸಿ ಮಲಗುತ್ತಿದ್ದರು. ಆಮೇಲೆ ಇದ್ದಕ್ಕಿದ್ದಂತೆ ಉಣ್ಣತೊಡಗಿದರು. ಹೊಟ್ಟೆ ಮಾತ್ರ ಇಳಿಯುವ ಬದಲು ಇನ್ನೂ ಊದಿತು. ಕೊನೆಗೆ ತಲೆದಿಂಬಿನ ಬಳಿ ಉಪ್ಪುನೀರಿನಲ್ಲಿ ಹಾಕಿಟ್ಟಿದ್ದ ಮಾವಿನಕಾಯಿ ಸಿಕ್ಕಿತು. ತಂದುಕೊಟ್ಟವರು ಸಂಘದ ಸಂಜೀವಣ್ಣನೇ.

"ಮೂರು ನೀರಲ್ಲಿ ತೊಳೆದಿದ್ದೇನೆ ಅಕ್ಕ. ಇನ್ನು ಉಪ್ಪು ಎಲ್ಲಿ ಉಂಟು ಅದರಲ್ಲಿ?"

"ಹಾಗಾದ್ರೆ ಒಣಮೀನು ತೊಳೆದ್ರೆ ವಾಸನೆ ಹೋಗ್ತದಾ?"

ಇದು ನಡೆದಾಗ ನಾನು ಅಲ್ಲಿರಲಿಲ್ಲ. ಸಂಜೀವಣ್ಣ ಹೇಳಿದ್ದಷ್ಟೇ, ಆದರೂ ಅವರ ಕೈಯಿಂದ ನೀರು ತೊಟ್ಟಿಕ್ಕುತ್ತಿದ್ದದ್ದು ಕಂಡಂತೆಯೇ ನೆನಪಿದೆ. ನಗಬೇಡಿ. ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಮುಳುಗಿದ ಕಾಯಿ ತೊಳೆದರೆ ಸಪ್ಪೆಯಾಗುತ್ತದೆಂದು ನನ್ನ ಅಮ್ಮನೂ ನಂಬಿದ್ದಳು.

ಮಾವಿನಕಾಯಿ ಹೋದ ಮೇಲೆ ಗಂಜಿ ಮತ್ತೆ ಗೋಡೆಯ ಕಡೆ ಸರಿಯಿತು. ಅದಕ್ಕೇ ಆ ಶನಿವಾರ ಜಯಣ್ಣನ ಸುತ್ತ ನಮಗೆಲ್ಲ ಸ್ಟೂಲು ಹಾಕಿಸಿ, ಗಿರಿಜಕ್ಕ ಅದೇ ಪಾತ್ರೆಯಿಂದ ಬಡಿಸಿದರು. ಉಪ್ಪಿನಕಾಯಿ ಇಲ್ಲ, ಹಪ್ಪಳ ಇಲ್ಲ. ನಾನು ಒಂದು ಚಮಚ ನುಂಗಿದೆ. ಗೋಡೆಯ ಕಡೆ ತಿರುಗಿದ್ದ ಜಯಣ್ಣ ಇತ್ತ ಹೊರಳಿದರು.

"ಎಂತ ಇಂಜಿನಿಯರ್ರೇ, ಸಿಮೆಂಟು ತಿಂದವರ ಹಾಗೆ ಮುಖ ಮಾಡಿದ್ದು?"

"ಇದನ್ನು ಹೇಗೆ ತಿನ್ನುವುದು, ನೀವೇ ಹೇಳಿ."

"ನನಗೆ ಗೊತ್ತಿದ್ರೆ ನಾನು ಹೀಗೆ ಮಲಗ್ತಿದ್ನಾ?"

ಆದರೆ ಅಡುಗೆಯವರಲ್ಲವೇ, ಸುಮ್ಮನಿರಲಾಗಲಿಲ್ಲ. ಶುಂಠಿ ತನ್ನಿ, ಲಿಂಬೆ ತನ್ನಿ, ತೆಂಗಿನಕಾಯಿಗೆ ಎರಡು ಗಾಂಧಾರಿ ಮೆಣಸು ಹಾಕಿ ಅರೆಯಿರಿ ಎಂದರು. ಮರುವಾರ ಅರೆದು ತಂದ ಆ ಚಟ್ನಿ ಬಾಯಿಗಿಡುವಂತಿರಲಿಲ್ಲ. ಅರೆದವರು ಗಿರಿಜಕ್ಕ ಎಂದು ಗೊತ್ತಿದ್ದೂ ಅದನ್ನು ಬೈಯುತ್ತ, ಬೈಯುತ್ತಲೇ ಜಯಣ್ಣ ತಟ್ಟೆ ಖಾಲಿ ಮಾಡಿದರು. ಗಿರಿಜಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಸೆಕೆಗೆ ಇರಬಹುದು.

ಹೊಟ್ಟೆ ನಿಧಾನಕ್ಕೆ ಇಳಿಯಿತು. ಒಂದು ದಿನ ಜಯಣ್ಣ ಲುಂಗಿಯನ್ನು ಹಿಂದಿನಂತೆ ಬಿಗಿಯಾಗಿ ಉಟ್ಟು, ನಡೆದೇ ಮನೆಗೆ ಹೋದರು. ಆಮೇಲೆ ಕೆಲವು ಶನಿವಾರ ಬರುತ್ತಿದ್ದರು, ಬೇರೆ ರೋಗಿಗಳ ಪಕ್ಕದಲ್ಲಿ ಕುಳಿತು ಉಣ್ಣಲು. ಅಷ್ಟರಲ್ಲಿ ನನಗೆ ಕೆಲಸ ಸಿಕ್ಕಿ ಊರು ಬಿಟ್ಟೆ.

ಈಗ ಅದೇ ಊರಿಗೆ ಮರಳಿ ಬಿಜೈಯಲ್ಲಿದ್ದೇನೆ. ನಮ್ಮ ಮೇಲಿನ ಮನೆಯ ಶ್ವೇತಾ ಇಂಥದೇ ಒಂದು ಸಂಘದಲ್ಲಿದ್ದಾಳೆ. "ಅಂಕಲ್, ನಿಮಗೆ ಎಂತ ಮಾಡ್ಲಿಕ್ಕೆ ಆಗ್ತದೆ?" ಎಂದು ಹೋದ ವಾರ ಕೇಳಿದಾಗ ಮಂಡಿನೋವು ಎಂದು ಜಾರಿಕೊಂಡಿದ್ದೆ. ಇವತ್ತು ಬಟ್ಟಲು ಖಾಲಿ ಮಾಡಿ, ಉಪ್ಪು ಕೇಳದೆ, ಮೆಟ್ಟಿಲು ಹತ್ತಿದೆ.

"ಉಪ್ಪಿಲ್ಲದೆ ಊಟ ಮಾಡ್ಲಿಕ್ಕೆ ಬರ್ತದೆ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಆದರೂ ಶನಿವಾರ ಬನ್ನಿ ಎಂದಳು. ಹೋಗುತ್ತೇನೆ. ಜಯಣ್ಣ ಆಮೇಲೆ ಎಷ್ಟು ಕಾಲ ಬದುಕಿದರೋ, ನನಗೆ ಗೊತ್ತಿಲ್ಲ.